ರಿಸೆಪ್ಷನ್ ಮೇಜಿನ ಹಿಂದೆ ಕಲಿತದ್ದು

ಎಲ್ಲರಿಗೂ ನಮಸ್ಕಾರ.

ಈಗಷ್ಟೇ ನನ್ನನ್ನು ಸಾಫ್ಟ್‌ವೇರ್ ಡೆವಲಪರ್ ಅಂತ ಪರಿಚಯ ಮಾಡಿಕೊಟ್ಟರು. ಅದಕ್ಕೂ ಮೊದಲು ಆರು ವರ್ಷ ನಾನು ಹೋಟೆಲುಗಳಲ್ಲಿ ದುಡಿದವನು. ಮೊದಲು ತಟ್ಟೆ ತೊಳೆದೆ, ಆಮೇಲೆ ಸಪ್ಲಯರ್ ಆದೆ, ಕೊನೆಗೆ ರಿಸೆಪ್ಷನ್‌ನಲ್ಲಿ ರಾತ್ರಿ ಪಾಳಿ. ಕೆಲಸಕ್ಕೆ ಅರ್ಜಿ ಹಾಕುವಾಗ ಈ ಆರು ವರ್ಷವನ್ನು ಬರೆಯಬೇಡ ಅಂತ ತುಂಬಾ ಜನ ಹೇಳಿದರು. ನಾನೂ ಕೆಲವು ಸಲ ಬಿಟ್ಟು ಕಳಿಸಿದ್ದೆ. ಹಾಗೆ ಮಾಡಬಾರದಿತ್ತು. ಯಾಕೆ ಅಂತ ಹೇಳುತ್ತೇನೆ.

ಒಂದು ರಾತ್ರಿ ಹನ್ನೊಂದೂವರೆ ಹೊತ್ತಿಗೆ ಒಂದು ಕುಟುಂಬ ಬಂತು. ನಿದ್ದೆ ಹೋಗಿದ್ದ ಮಗುವನ್ನು ಅಪ್ಪ ಹೆಗಲಿಗೆ ಹಾಕಿಕೊಂಡಿದ್ದರು. ಹೆಸರು ಹುಡುಕಿದೆ. ಬುಕಿಂಗ್ ಇತ್ತು, ದುಡ್ಡೂ ಕಟ್ಟಿದ್ದರು. ರೂಮು ಮಾತ್ರ ಇರಲಿಲ್ಲ. ಅದೇ ರೂಮಿಗೆ ಒಂಬತ್ತು ಗಂಟೆಗೇ ಬೇರೊಬ್ಬರು ಬಂದು ಮಲಗಿಯಾಗಿತ್ತು. ಉಳಿದವೆಲ್ಲ ಭರ್ತಿ. ಆ ತಾಯಿ ಬೈಯಲಿಲ್ಲ. ಸುಮ್ನೆ ಸೋಫಾದ ಮೇಲೆ ಕೂತು ಮಗುವಿನ ಶೂ ಬಿಚ್ಚತೊಡಗಿದರು. ಬೈದಿದ್ದರೇ ಚೆನ್ನಾಗಿತ್ತು ಅನಿಸಿತು ನನಗೆ. ನಾಲ್ಕು ಕಡೆ ಫೋನ್ ಮಾಡಿ, ಬೇರೆ ಕಡೆ ಜಾಗ ಮಾಡಿಸಿ, ಅವರನ್ನು ಗಾಡಿ ಹತ್ತಿಸುವಷ್ಟರಲ್ಲಿ ಒಂದು ಗಂಟೆ ಹೊಡೆದಿತ್ತು.

ಕೆಲವರು ಬರುವುದಿಲ್ಲ ಎಂಬ ಲೆಕ್ಕದಲ್ಲಿ ಹೋಟೆಲುಗಳು ಬೇಕಂತಲೇ ಜಾಸ್ತಿ ಬುಕಿಂಗ್ ತೆಗೆದುಕೊಳ್ಳುವುದುಂಟು. ಇದು ಅದಲ್ಲ. ಕೊನೆಯ ರೂಮು ಖಾಲಿ ಇದೆಯಾ ಅಂತ ಇಬ್ಬರು ಒಂದೇ ಕ್ಷಣಕ್ಕೆ ಕೇಳಿದ್ದರು. ಸಿಸ್ಟಮ್ ಇಬ್ಬರಿಗೂ ‘ಇದೆ’ ಅಂದಿತ್ತು. ಹೀಗೆ ಯಾಕಾಗುತ್ತದೆ ಅಂತ ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಆ ಪ್ರಶ್ನೆ ನನ್ನ ತಲೆಯಲ್ಲೇ ಕೂತುಬಿಟ್ಟಿತು.

ರಾತ್ರಿ ಎರಡರಿಂದ ನಾಲ್ಕರವರೆಗೆ ರಿಸೆಪ್ಷನ್‌ಗೆ ಹೆಚ್ಚು ಜನ ಬರುವುದಿಲ್ಲ. ಆ ಹೊತ್ತಿನಲ್ಲಿ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿಯಲು ಕೂತೆ. ಹೋಟೆಲ್ ಅನುಭವ ಇದ್ದರೆ ಕೋಡಿಂಗ್ ತಾನಾಗೇ ಬರುತ್ತದೆ ಅಂತ ದಯವಿಟ್ಟು ಯಾರೂ ತಿಳಿಯಬೇಡಿ. ಪ್ರೋಗ್ರಾಮಿನ ಒಂದು ಭಾಗ ತನ್ನನ್ನೇ ಮತ್ತೆ ಕರೆಯುವ ರಿಕರ್ಶನ್ ಒಂದೇ ನನಗೆ ಮೂರು ವಾರ ಹಿಡಿಯಿತು. ಎಷ್ಟೋ ರಾತ್ರಿ ಕಣ್ಣು ಮುಚ್ಚಿಕೊಂಡು ಹೋಗುತ್ತಿತ್ತು, ಓದಿದ ಪುಟವನ್ನೇ ಮತ್ತೆ ಓದುತ್ತಿದ್ದೆ.

ಮಾಹಿತಿಯನ್ನು ಜೋಡಿಸಿಡುವ ಡೇಟಾಬೇಸ್‌ನ ಪಾಠಕ್ಕೆ ಬಂದಾಗ ‘ರೇಸ್ ಕಂಡಿಶನ್’ ಎಂಬ ಮಾತು ಸಿಕ್ಕಿತು. ಖಾಲಿ ಇದೆಯಾ ಅಂತ ನೋಡುವುದು ಒಂದು ಕೆಲಸ, ಹೆಸರು ಬರೆಯುವುದು ಇನ್ನೊಂದು. ಎರಡರ ನಡುವೆ ಸಂದು ಬಿಟ್ಟರೆ ಇನ್ನೊಬ್ಬರು ನುಗ್ಗುತ್ತಾರೆ. ಹಾಗಾಗಿ ಎರಡನ್ನೂ ಒಂದೇ ಗಂಟಾಗಿ ಕಟ್ಟಬೇಕು. ಆಗುವುದಾದರೆ ಪೂರ್ತಿ ಆಗಬೇಕು, ಇಲ್ಲವೇ ಏನೂ ಆಗಿರಬಾರದು. ಇದಕ್ಕೆ ಟ್ರಾನ್ಸಾಕ್ಷನ್ ಅನ್ನುತ್ತಾರೆ. ಕಂಪ್ಯೂಟರ್ ವಿಜ್ಞಾನಿ ಜಿಮ್ ಗ್ರೇ ಅವರಿಗೆ ಆ ಕ್ಷೇತ್ರದ ದೊಡ್ಡ ಗೌರವವಾದ ಟ್ಯೂರಿಂಗ್ ಪ್ರಶಸ್ತಿ 1998ರಲ್ಲಿ ಬಂದದ್ದು ಇಂಥ ಕೆಲಸಕ್ಕೇ. ಅದನ್ನು ಓದುವಾಗ ನನ್ನ ಕಣ್ಣ ಮುಂದೆ ಇದ್ದದ್ದು ಆ ಮಗುವಿನ ಶೂ. ಅಂದಿನಿಂದ ನನಗೆ ಆ ಪಾಠ ಮರೆತದ್ದೇ ಇಲ್ಲ.

ಮೊದಲ ಕೆಲಸ ಸಿಕ್ಕಿದ್ದು ಹೋಟೆಲ್ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡುವ ಒಂದು ಸಣ್ಣ ಕಂಪನಿಯಲ್ಲಿ. ಸಂದರ್ಶನದಲ್ಲಿ ತೋರಿಸಲು ನನ್ನ ಹತ್ತಿರ ಇದ್ದದ್ದು ಒಂದೇ ಪ್ರೋಗ್ರಾಂ. ರಾತ್ರಿಯ ಬಿಲ್ಲುಗಳನ್ನೂ ಬಂದ ಹಣವನ್ನೂ ತಾಳೆ ಹಾಕಿ, ಹೊಂದದ್ದನ್ನು ಮಾತ್ರ ಎತ್ತಿ ತೋರಿಸುವಂಥದ್ದು. ನನ್ನ ಪಾಳಿಗೆ ಬೇಕು ಅಂತ ನಾನೇ ಬರೆದುಕೊಂಡದ್ದು. ಅದರ ಬಗ್ಗೆಯೇ ಅರ್ಧ ಗಂಟೆ ಕೇಳಿದರು.

ಸೇರಿದ ಎರಡನೇ ತಿಂಗಳಲ್ಲಿ ಒಂದು ರಿಪೋರ್ಟ್ ತಾಳೆಯಾಗುತ್ತಿರಲಿಲ್ಲ. ಟೈಮ್ ಝೋನ್ ತಪ್ಪಿರಬೇಕು ಅಂತ ಎಲ್ಲರೂ ಎರಡು ದಿನ ಹುಡುಕಿದರು. ನಾನು ತಪ್ಪಾದ ಸಾಲುಗಳನ್ನಷ್ಟೇ ನೋಡುತ್ತಾ ಹೋದೆ. ಎಲ್ಲವೂ ಮಧ್ಯರಾತ್ರಿಗೂ ಮೂರು ಗಂಟೆಗೂ ನಡುವಿನವು. ತಕ್ಷಣ ಗೊತ್ತಾಯಿತು. ಹೋಟೆಲಿನಲ್ಲಿ ಲೆಕ್ಕದ ದಿನ ಮುಗಿಯುವುದು 12 ಗಂಟೆಗಲ್ಲ, ರಾತ್ರಿ ಪಾಳಿಯವರು ಆ ದಿನದ ಲೆಕ್ಕ ಮುಚ್ಚುವ ನೈಟ್ ಆಡಿಟ್ ಮುಗಿದಾಗ. ಆಡಿಟ್ ಆಗುವ ಮೊದಲು ಒಂದೂವರೆಗೆ ಬಂದವರು ಹಿಂದಿನ ದಿನದ ಲೆಕ್ಕಕ್ಕೇ ಸೇರುತ್ತಾರೆ. ನಮ್ಮ ಕೋಡ್ ಕ್ಯಾಲೆಂಡರ್ ತಾರೀಖನ್ನು ಹಿಡಿದುಕೊಂಡಿತ್ತು. ತಿದ್ದಿದ್ದು ಕೆಲವೇ ಸಾಲು. ಅಷ್ಟು ಒಳ್ಳೆಯ ಪ್ರೋಗ್ರಾಮರುಗಳಿದ್ದರೂ, ರಾತ್ರಿ ಆ ಮೇಜಿನ ಹಿಂದೆ ನಿಂತವನು ಅಲ್ಲಿ ನಾನೊಬ್ಬನೇ ಅಲ್ವಾ?

ಇನ್ನೊಂದು ಮಾತು. ಪಾಳಿ ಬದಲಾಗುವಾಗ ನಾವು ಒಂದು ಪುಸ್ತಕದಲ್ಲಿ ಬರೆದಿಡುತ್ತಿದ್ದೆವು: “ಮೂರನೇ ಮಹಡಿ ಕೊನೆಯ ರೂಮಿನ ನಲ್ಲಿ ಸೋರುತ್ತಿದೆ. ರಿಪೇರಿಯವರಿಗೆ ಹೇಳಿದ್ದೇನೆ. ಇನ್ನೂ ಬಂದಿಲ್ಲ.” ಏನು ಕೆಟ್ಟಿದೆ, ಏನು ಮಾಡಿದೆ, ಏನು ಬಾಕಿ. ಕೋಡಿನ ಬದಲಾವಣೆಗಳನ್ನು ದಾಖಲಿಸಿಡಲು ಗಿಟ್ ಎಂಬ ಸಾಫ್ಟ್‌ವೇರ್ ಇದೆ, ಲಿನಕ್ಸ್ ಮಾಡಿದ ಲಿನಸ್ ಟೊರ್ವಾಲ್ಡ್ಸ್ 2005ರಲ್ಲಿ ಶುರು ಮಾಡಿದ್ದು. ಅದರಲ್ಲಿ ಪ್ರತಿ ಬದಲಾವಣೆಗೂ ಒಂದು ಟಿಪ್ಪಣಿ ಬರೆಯುತ್ತೇವೆ. ನಾನು ಇವತ್ತಿಗೂ ಅದನ್ನು ಆ ಪುಸ್ತಕದ ರೀತಿಯಲ್ಲೇ ಬರೆಯುತ್ತೇನೆ. ಬೆಳಿಗ್ಗೆ ಬರುವವರು ನನ್ನನ್ನು ನಿದ್ದೆಯಿಂದ ಎಬ್ಬಿಸಿ ಕೇಳುವ ಹಾಗಾಗಬಾರದು.

ನಿಮ್ಮಲ್ಲಿ ಈಗಲೂ ಪಾಳಿ ಮುಗಿಸಿ ನೇರವಾಗಿ ಇಲ್ಲಿಗೆ ಬಂದವರಿದ್ದೀರಿ. ದಿನಾ ಕೈಯಲ್ಲಿ ಮಾಡುವ ಬೇಸರದ ಲೆಕ್ಕ ಒಂದಾದರೂ ನಿಮ್ಮ ಹತ್ತಿರ ಇದ್ದೇ ಇರುತ್ತದೆ. ಅದನ್ನು ಹೇಳಿ. ಬೋರ್ಡ್ ಇಲ್ಲೇ ಇದೆ, ಹೆಜ್ಜೆ ಹೆಜ್ಜೆಯಾಗಿ ಬರೆದು ನೋಡೋಣ. ಯಾರು ಮೊದಲು ಬರುತ್ತೀರಿ?