ಹಿಂಬದಿಯ ಪುಟ್ಟ ಪರದೆ

ಕೇಳುಗರಿಗೆ ನಮಸ್ಕಾರ. ಕೊಪ್ಪಳದಲ್ಲಿ ಫೋಟೊ ಸ್ಟುಡಿಯೊ ಇಟ್ಟುಕೊಂಡವನು ನಾನು, ಫಿಲ್ಮ್ ರೋಲ್ ಕಾಲದವನು. ಮೂವತ್ತಾರು ಫೋಟೊ ಮುಗಿಯುವ ತನಕ ಕ್ಯಾಮೆರಾ ಬಿಚ್ಚುವಂತಿರಲಿಲ್ಲ. ಮುಗಿದ ರೋಲ್ ಬಸ್ಸಿನಲ್ಲಿ ಹುಬ್ಬಳ್ಳಿಯ ಲ್ಯಾಬಿಗೆ ಹೋಗಿ, ತೊಳೆದು, ಪ್ರಿಂಟಾಗಿ ಬರುವಷ್ಟರಲ್ಲಿ ಮದುವೆ ಮನೆಯ ಹಂದರ ಬಿಚ್ಚಿರುತ್ತಿತ್ತು. ಅಕ್ಕಿಕಾಳು ಬೀಳುವಾಗ ಮದುಮಗ ಕಣ್ಣು ಮುಚ್ಚಿದ್ದರೆ, ಮುಚ್ಚಿದ್ದೇ.

ಈ ತಾಪತ್ರಯ ಉಂಡವರಿಗೆ ಡಿಜಿಟಲ್ ಕ್ಯಾಮೆರಾ ಯಾಕೆ ಗೆದ್ದಿತೆಂದು ಬಿಡಿಸಿ ಹೇಳಬೇಕಿಲ್ಲ. ಕಂಪನಿಗಳಿಗೇ ಅದು ತಡವಾಗಿ ಹೊಳೆಯಿತು. 1975ರಷ್ಟು ಹಿಂದೆಯೇ ಕೊಡಾಕ್‌ನ ಎಂಜಿನಿಯರ್ ಸ್ಟೀವನ್ ಸ್ಯಾಸನ್ ಡಿಜಿಟಲ್ ಕ್ಯಾಮೆರಾ ಜೋಡಿಸಿದ್ದರು. ಒಂದು ಚಿತ್ರ ಕ್ಯಾಸೆಟ್ಟಿಗೆ ಇಳಿಯಲು 23 ಸೆಕೆಂಡು ಬೇಕಿತ್ತು. ರೋಲ್ ಮಾರಿ ಬದುಕುವ ಕಂಪನಿಗೆ ರೋಲ್ ಬೇಡದ ಕ್ಯಾಮೆರಾ ಮಾರುವ ಉಮೇದು ಎಲ್ಲಿಂದ ಬರಬೇಕು? 1994ರಲ್ಲಿ ಆ್ಯಪಲ್‌ನ ಕ್ವಿಕ್‌ಟೇಕ್ 100 ಬಂತು. ಬೆಲೆ 749 ಡಾಲರ್, ಚೆನ್ನಾಗಿ ಬೇಕೆಂದರೆ ಎಂಟೇ ಚಿತ್ರ. ತೆಗೆದದ್ದನ್ನು ನೋಡಲು ಕಂಪ್ಯೂಟರಿಗೆ ವೈರು ಸಿಕ್ಕಿಸಬೇಕು. ಹುಬ್ಬಳ್ಳಿ ತಪ್ಪಿದರೂ ಕಾಯುವುದು ತಪ್ಪಲಿಲ್ಲ.

ಮರುವರ್ಷ ಕ್ಯಾಸಿಯೊ ಕಂಪನಿ 65,000 ಯೆನ್ನಿಗೆ ಕ್ಯೂವಿ-10 ಬಿಟ್ಟಿತು. ಚಿತ್ರ ಕ್ವಿಕ್‌ಟೇಕ್‌ಗಿಂತ ಮಸುಕು. ಆದರೆ ಬೆನ್ನಿಗೆ 1.8 ಇಂಚಿನ ಪರದೆ! ತೆಗೆ, ನೋಡು, ಬೇಡವೆಂದರೆ ಅಳಿಸು. ಅದು ಚೆನ್ನಾಗಿ ಮಾರಿತು. ನನ್ನನ್ನು ಕೇಳಿದರೆ, ಈ ಧಂದೆಯ ದಿಕ್ಕು ತಿರುಗಿದ್ದು ಅಲ್ಲೇ. 1997ರಲ್ಲಿ ಸೋನಿಯವರು ಕಂಪ್ಯೂಟರಿನ ಫ್ಲಾಪಿ ಡಿಸ್ಕ್ ತುರುಕುವ ಮಾವಿಕಾ ಕ್ಯಾಮೆರಾ ತಂದದ್ದೂ ಅದೇ ಜಾಣತನ: ಯಾವ ಕಂಪ್ಯೂಟರಿಗಾದರೂ ಹಾಕು, ನೋಡು.

ಆಮೇಲೆ ಶುರುವಾಯಿತು ಮೆಗಾಪಿಕ್ಸೆಲ್ ಸಂತೆ. ಒಂದು ಮೆಗಾಪಿಕ್ಸೆಲ್ ಅಂದರೆ ಚಿತ್ರದಲ್ಲಿ ಹತ್ತು ಲಕ್ಷ ಚುಕ್ಕಿ. ನಾಲ್ಕು-ಆರು ಇಂಚಿನ ಪ್ರಿಂಟಿಗೆ ಎಷ್ಟು ಬೇಕು? ಇಂಚಿಗೆ 300 ಚುಕ್ಕಿಯಂತೆ 1,200ನ್ನು 1,800ರಿಂದ ಗುಣಿಸಿ, 21 ಲಕ್ಷ 60 ಸಾವಿರ. ಎರಡು ಮೆಗಾಪಿಕ್ಸೆಲ್‌ಗೆ ಚೂರು ಹೆಚ್ಚು. ಆದರೂ ಅಂಗಡಿಗೆ ಬಂದವರೆಲ್ಲ, "ಅಣ್ಣಾ, ಇದು ಎಷ್ಟು ಮೆಗಾಪಿಕ್ಸೆಲ್ ಐತ್ರಿ?" ಎನ್ನುತ್ತಿದ್ದರು. ಎತ್ತಿನ ಹಲ್ಲು ಎಣಿಸಿದರಾಯಿತೇ, ಹೂಡಿ ನೋಡುವುದು ಬೇಡವೇ? ಕಂಪನಿಗಳಿಗೂ ಬೇಕಾದದ್ದು ಅದೇ. ವರ್ಷಕ್ಕೊಂದು ಹೊಸ ಹಲ್ಲು ತೋರಿಸಿದವು.

ನಾನು ಮೊದಲ ಸಲ ಡಿಜಿಟಲ್ ಹಿಡಿದು ಮದುವೆಗೆ ಹೋದದ್ದು ಕುಷ್ಟಗಿ ಕಡೆಯ ಹಳ್ಳಿಗೆ. ಮದುಮಗಳ ಸೋದರತ್ತೆ ನನ್ನ ಮೊಣಕೈ ಬಿಡಲೇ ಇಲ್ಲ. "ನನ್ನ ಕಣ್ಣು ಮುಚ್ಚ್ಯಾವೇನು ತಮ್ಮಾ, ತೋರ್ಸು." ತೋರಿಸಿದೆ. ಅವರ ಹಿಂದೆ ಸಾಲು ನಿಂತಿತು. ಪರದೆ ಉರಿದು ಉರಿದು ಊಟದ ಹೊತ್ತಿಗೆ ನಾಲ್ಕೂ ಸೆಲ್ ಖಾಲಿ. ಕಿರಾಣಿ ಅಂಗಡಿಯಲ್ಲಿದ್ದ ಟಾರ್ಚಿನ ದಪ್ಪ ಸೆಲ್ ನನಗೇನು ಬಂತು? ರೋಲ್ ಕ್ಯಾಮೆರಾ ಚೀಲದಲ್ಲಿತ್ತು, ಮಾನ ಉಳಿಯಿತು.

2003ರಲ್ಲಿ ಲೆನ್ಸ್ ಬದಲಿಸಬಹುದಾದ ಡಿಜಿಟಲ್ ಕ್ಯಾಮೆರಾ ಕೆನಾನ್ 300ಡಿ, ಒಂದು ಲೆನ್ಸ್ ಸಮೇತ ಸಾವಿರ ಡಾಲರಿನೊಳಗೆ ಬಂದ ಮೇಲೆ ಸ್ಟುಡಿಯೊದವರಿಗೂ ಧೈರ್ಯ ಹುಟ್ಟಿತು. 2010ರಲ್ಲಿ ಜಗತ್ತಿನ ಮಾರುಕಟ್ಟೆಗೆ ಹೋದ ಡಿಜಿಟಲ್ ಕ್ಯಾಮೆರಾಗಳು 12 ಕೋಟಿಗೂ ಮಿಕ್ಕು. ಅದೇ ಶಿಖರ. ಅಷ್ಟರಲ್ಲಿ ಫೋನಿನ ಬೆನ್ನಲ್ಲೂ ಕ್ಯಾಮೆರಾ ಕೂತಿತ್ತು, ಪರದೆಯಂತೂ ಅದರಲ್ಲಿ ಅಂಗೈ ಅಗಲ. 2012ರಲ್ಲಿ ಕೊಡಾಕ್ ದಿವಾಳಿ ಅರ್ಜಿ ಹಾಕಿತು. 2018ರಲ್ಲಿ ಕ್ಯಾಸಿಯೊ ಸಣ್ಣ ಕ್ಯಾಮೆರಾ ಧಂದೆಯನ್ನೇ ಬಿಟ್ಟಿತು.

ಆ ಕುಷ್ಟಗಿ ಮದುವೆಯ ಕ್ಯಾಮೆರಾ ಇನ್ನೂ ನನ್ನ ಕಪಾಟಿನಲ್ಲಿದೆ. ಸೆಲ್ ಸೋರಿ ಹಸಿರು ಕಿಲುಬು ಹಿಡಿದಿದೆ, ಮುಚ್ಚಳ ಜಪ್ಪಯ್ಯ ಅಂದರೂ ತೆರೆಯುವುದಿಲ್ಲ.