ಕೆಂಚನ ‘ಬೇಡ’

ಕೇಳುಗರೆಲ್ಲರಿಗೂ ನಮಸ್ಕಾರ.

ನಮ್ಮ ಮಗಳಿಗೆ ಈಗ ಒಂದು ವರ್ಷ ಎಂಟು ತಿಂಗಳು. ಅವಳ ಬಾಯಲ್ಲಿ ಅಚ್ಚುಕಟ್ಟಾಗಿ ಹೊರಡುವ ಮಾತು ಒಂದೇ, ‘ಬೇಡ’. ಸ್ನಾನಕ್ಕೆ ಕರೆದರೆ ಬೇಡ, ಸ್ವೆಟರ್ ಹಾಕಹೋದರೆ ಬೇಡ, ನಿದ್ದೆಗೆ ಕಣ್ಣು ಎಳೆಯುತ್ತಿದ್ದರೂ ಬೇಡ. ಅವಳು ಹಾಗೆ ಅಂದ ಕೂಡಲೇ ನಾವು ಕೈಯಲ್ಲಿದ್ದುದನ್ನು ಬಿಟ್ಟು ಕೂತು, ಯಾಕಮ್ಮ, ಏನಾಯ್ತು ಅಂತ ಕೇಳುತ್ತೇವೆ. ಅದೇ ಮನೆಯಲ್ಲಿ ಇನ್ನೊಂದು ಜೀವವೂ ದಿನಕ್ಕೆ ಹತ್ತು ಸಲ ‘ಬೇಡ’ ಅನ್ನುತ್ತಿತ್ತು. ಅದು ನಮ್ಮ ಕಿವಿಗೆ ಬೀಳುವಷ್ಟರಲ್ಲಿ ಅರ್ಧ ಶರತ್ಕಾಲ ಕಳೆದಿತ್ತು.

ಆ ಜೀವ ನಮ್ಮ ನಾಯಿ, ಕೆಂಚ. ಮಗಳು ಹುಟ್ಟುವುದಕ್ಕೆ ಏಳು ವರ್ಷ ಮೊದಲೇ ಮರಿಯಾಗಿ ಬಂದವನು. ಅಂದರೆ, ಈ ಮನೆಗೆ ಅವನೇ ಹಿರಿಯ ಮಗ.

ನಾನು ಹೇಳುತ್ತಿರುವುದು ಎಲೆ ಉದುರುವ ಶರತ್ಕಾಲದ ಮಾತು. ಸೆಪ್ಟೆಂಬರ್ 22 ಅಥವಾ 23ರ ಸುಮಾರಿಗೆ ಹಗಲೂ ಇರುಳೂ ಸಮನಾಗಿ, ಆಮೇಲೆ ಹಗಲು ದಿನದಿನಕ್ಕೂ ಸವೆಯುತ್ತದಲ್ಲ, ಆಗ. ಬೇಸಿಗೆಯಲ್ಲಿ ಅಂಗಳದಲ್ಲೇ ಮುಗಿಯುತ್ತಿದ್ದ ಸಂಜೆ ಈಗ ಬೇಗ ಮನೆಯೊಳಗೆ ಬರುತ್ತದೆ. ಒಂದೇ ಕೋಣೆ, ಒಂದೇ ಕಂಬಳಿ, ಅದರ ಮೇಲೆ ಮಗು, ಆಟಿಕೆ, ನಾಯಿ. ಜೊತೆಗೆ ಕೂದಲು. ಹಗಲು ಗಿಡ್ಡವಾದಂತೆ ನಾಯಿ ಬೇಸಿಗೆಯ ತೆಳು ಕೂದಲನ್ನು ಉದುರಿಸಿ, ಚಳಿಗೆ ಬೇಕಾದ ದಟ್ಟ ಒಳಕೂದಲು ಬೆಳೆಸಿಕೊಳ್ಳುತ್ತದೆ. ಬೆಳಿಗ್ಗೆ ಗುಡಿಸಿದರೆ ಮಧ್ಯಾಹ್ನಕ್ಕೆ ಮತ್ತೆ ಅಷ್ಟೇ. ಮಗು ಅದನ್ನು ಹೆಕ್ಕಿ ಹೆಕ್ಕಿ ನನ್ನ ಕೈಗೆ ಕೊಡುತ್ತಾಳೆ, ಏನೋ ಬೆಲೆಬಾಳುವ ವಸ್ತು ಎಂಬಂತೆ.

ಹೊರಗೆ ಹೋದಾಗ ಅವಳ ಆಟ ಬೇರೆ. ಕೆಂಪಗಿನ ಎಲೆ ಕಂಡರೆ ಸಾಕು, ‘ಎಯೆ!’ ಅಂತ ಕೂಗಿ ಓಡಿಹೋಗಿ ಎತ್ತಿ, ಮೊದಲು ಕೆಂಚನ ಮೂಗಿಗೆ ಹಿಡಿಯುತ್ತಾಳೆ. ಹಸಿರು ಕರಗಿದ ಮೇಲೆ ಎಲೆಯಲ್ಲಿ ಮೊದಲಿನಿಂದಲೂ ಅಡಗಿದ್ದ ಹಳದಿ ಹೊರಗೆ ಕಾಣುತ್ತದೆ. ಕೆಂಪು ಹಾಗಲ್ಲ, ಅದನ್ನು ಎಷ್ಟೋ ಮರಗಳು ಈ ಕಾಲದಲ್ಲಿ ಹೊಸದಾಗಿ ಮಾಡಿಕೊಳ್ಳುತ್ತವೆ. ಆದರೆ ಅವಳು ಅಷ್ಟು ಆಸೆಯಿಂದ ತೋರಿಸುವ ಆ ಕೆಂಪು ಕೆಂಚನಿಗೆ ಕಾಣುವುದೇ ಇಲ್ಲ. ನಾಯಿಯ ಕಣ್ಣಿಗೆ ನೀಲಿ, ಹಳದಿ ಚೆನ್ನಾಗಿ ತಿಳಿಯುತ್ತವೆ. ಕೆಂಪು, ಹಸಿರುಗಳ ನಡುವೆ ಭೇದ ತಿಳಿಯುವುದು ಕಷ್ಟ. ಅವನು ಎಲೆಯನ್ನು ಮೂಸುತ್ತಾನೆ. ಅದರ ಮೇಲೆ ರಾತ್ರಿ ಓಡಾಡಿದ್ದು ಯಾವ ಪ್ರಾಣಿ, ಯಾವ ಮಣ್ಣಿಗೆ ಅದು ಬಿದ್ದಿತ್ತು, ಎಲ್ಲವನ್ನೂ ಓದಿಕೊಳ್ಳುತ್ತಾನೆ. ಒಂದೇ ಎಲೆ, ಒಬ್ಬಳಿಗೆ ಬಣ್ಣ, ಒಬ್ಬನಿಗೆ ವಾಸನೆ. ಎಷ್ಟೋ ಹೊತ್ತು ಇಬ್ಬರೂ ತಲೆ ತಲೆ ಸೇರಿಸಿ ನಿಂತಿರುತ್ತಾರೆ. ನನ್ನ ಪಾಲಿಗೆ ವರ್ಷದಲ್ಲಿ ಇದಕ್ಕಿಂತ ಒಳ್ಳೆಯ ಗಳಿಗೆ ಇಲ್ಲ.

ಅದೇ ಕಾಲದ ಇನ್ನೊಂದು ಗಳಿಗೆಯನ್ನೂ ಹೇಳಬೇಕು.

ಒಂದು ಸಂಜೆ ಕೆಂಚ ಕಂಬಳಿಯ ಮೇಲೆ ಮಲಗಿದ್ದ. ಮಗಳು ಹೋಗಿ ಅವನ ಸೊಂಟದ ಮೇಲೆ ಒರಗಿ, ಎರಡೂ ಕೈಯಿಂದ ತಬ್ಬಿಕೊಂಡಳು. ನಾನು ಫೋಟೊ ತೆಗೆಯಲು ಮೊಬೈಲ್ ಎತ್ತಿಕೊಂಡೆ. ಅಷ್ಟರಲ್ಲಿ ಅವನು ‘ಗುರ್ರ್’ ಅಂದ. ಎಂಟು ವರ್ಷದಲ್ಲಿ ನಮ್ಮ ಮೇಲೆ ಎಂದೂ ಗುರುಗುಟ್ಟದವನು. ನನ್ನ ಎದೆ ಝಲ್ಲೆಂದಿತು. ಮಗುವನ್ನು ಬಾಚಿ ಎತ್ತಿಕೊಂಡೆ. ನಮ್ಮ ಮನೆಯವರು ಅವನನ್ನು ಗದರಿಸಲು ಕೈ ಎತ್ತಿದವರು, ಅವನ ಮುಖ ನೋಡಿ ಹಾಗೇ ನಿಂತರು. ಅವನು ಕಿವಿ ಹಿಂದಕ್ಕೆ ಒತ್ತಿಕೊಂಡು ಗೋಡೆಯ ಕಡೆ ತಿರುಗಿದ್ದ.

ರಾತ್ರಿ ಮೊಬೈಲಿನಲ್ಲಿದ್ದ ಹಳೆಯ ಫೋಟೊಗಳನ್ನು ತೆಗೆದು ನೋಡಿದೆ. ಮಗು ಅವನನ್ನು ತಬ್ಬಿದ ಫೋಟೊಗಳು, ನಾವು ಹಿಗ್ಗಿ ನೆಂಟರಿಗೆಲ್ಲ ಕಳಿಸಿದವು. ಒಂದರಲ್ಲಿ ಅವನು ಮುಖ ಆಚೆ ತಿರುಗಿಸಿದ್ದಾನೆ. ಇನ್ನೊಂದರಲ್ಲಿ ನಾಲಿಗೆಯಿಂದ ತುಟಿ ನೆಕ್ಕುತ್ತಿದ್ದಾನೆ, ಎದುರಿಗೆ ತಿಂಡಿ ಏನೂ ಇಲ್ಲ. ಮತ್ತೊಂದರಲ್ಲಿ ಆಕಳಿಕೆ. ಇನ್ನೊಂದರಲ್ಲಿ ಮೈ ಬಿಗಿದು, ಕಣ್ಣಿನ ಬಿಳಿ ಭಾಗ ಅರ್ಧಚಂದ್ರದ ಹಾಗೆ ಕಾಣುತ್ತಿದೆ. ಇವೆಲ್ಲ ನಾಯಿ ತನ್ನ ಇರುಸುಮುರುಸನ್ನು ಹೇಳಿಕೊಳ್ಳುವ ರೀತಿ. ಮೆಲುದನಿಯಲ್ಲಿ ಹೇಳಿದ ‘ಬೇಡ’ಗಳು. ಅಷ್ಟು ದಿನ ಅವನು ಮೆಲ್ಲಗೆ ಹೇಳಿದ, ನಾವು ಅದನ್ನೇ ಪ್ರೀತಿ ಅಂದುಕೊಂಡೆವು. ಕೊನೆಗೆ ದನಿ ಎತ್ತಿದ.

ಮಾರನೆಯ ದಿನ ಪಶುವೈದ್ಯರ ಹತ್ತಿರ ಹೋದೆವು. ಅವರು ಹಿಂಗಾಲನ್ನು ಮಡಿಸಿ ಬಿಡಿಸಿ ನೋಡಿದರು. ಸೊಂಟದ ಕೀಲಿನಲ್ಲಿ ಸವೆತ ಶುರುವಾಗಿದೆ, ಚಳಿ ಬಂದಾಗ ಬಿಗಿತ ಹೆಚ್ಚುತ್ತದೆ ಅಂದರು. ಮಗು ದಿನವೂ ಒರಗುತ್ತಿದ್ದುದು ಅದೇ ಜಾಗಕ್ಕೆ. ಗುರುಗುಟ್ಟಿದ್ದಕ್ಕೆ ಮಾತ್ರ ಎಂದೂ ಹೊಡೆಯಬೇಡಿ, ಬೈಯಬೇಡಿ ಅಂತ ಅವರು ಒತ್ತಿ ಹೇಳಿದರು. ಪೆಟ್ಟು ತಿಂದ ನಾಯಿ ಎಚ್ಚರಿಕೆ ಕೊಡುವುದನ್ನು ಬಿಡುತ್ತದೆ, ಒಳಗಿನ ನೋವನ್ನಲ್ಲ. ಮುಂದೊಂದು ದಿನ ಹೇಳದೆ ಕೇಳದೆ ಕಚ್ಚುತ್ತದೆ. ಎಳೆಯ ಮಕ್ಕಳಿಗೆ ಕಚ್ಚುವುದು ಎಷ್ಟೋ ಸಲ ಮನೆಯದೇ ನಾಯಿ, ಇಲ್ಲವೇ ಪರಿಚಯದ್ದು. ಮಗುವಿನ ಮುಖ ನಾಯಿಯ ಬಾಯಿಯ ಎತ್ತರದಲ್ಲೇ ಇರುವುದರಿಂದ ಗಾಯವಾಗುವುದೂ ಹೆಚ್ಚಾಗಿ ಮುಖಕ್ಕೆ. ಇದನ್ನು ಕೇಳಿದಾಗ ನನ್ನ ಕೈಕಾಲು ತಣ್ಣಗಾದವು. ನಿಮ್ಮಲ್ಲೂ ನಾಯಿಯ ಜೊತೆ ಪುಟ್ಟ ಮಗು ಇದ್ದರೆ, ನಮ್ಮ ನಾಯಿ ಅಂಥದ್ದಲ್ಲ ಅನ್ನುವ ಮಾತನ್ನು ದಯವಿಟ್ಟು ನೆಚ್ಚಿಕೊಳ್ಳಬೇಡಿ. ನಾನೂ ಅದನ್ನೇ ಹೇಳುತ್ತಿದ್ದೆ.

ಅಲ್ಲೇ ಅವನ ಲಸಿಕೆಯ ಪುಸ್ತಕವನ್ನೂ ತೆರೆಸಿ ನೋಡಿದೆವು. ಸೆಪ್ಟೆಂಬರ್ 28 ವಿಶ್ವ ರೇಬಿಸ್ ದಿನ, ಆ ರೋಗಕ್ಕೆ ಲಸಿಕೆ ಕಂಡುಹಿಡಿದ ಲೂಯಿ ಪಾಶ್ಚರ್ 1895ರಲ್ಲಿ ತೀರಿಕೊಂಡ ದಿನ. ಅದಕ್ಕೂ 10 ವರ್ಷ ಹಿಂದೆ, ನಾಯಿ ಕಚ್ಚಿದ ಒಂಬತ್ತು ವರ್ಷದ ಹುಡುಗನೊಬ್ಬನಿಗೆ ಅವರು ತಮ್ಮ ಲಸಿಕೆ ಕೊಡಿಸಿ ಉಳಿಸಿದ್ದರು. ಅಂದಿನಿಂದ ನಾವು ಆ ತಾರೀಖನ್ನು ಗುರುತಿಗೆ ಇಟ್ಟುಕೊಂಡು ಕೆಂಚನ ಲಸಿಕೆ, ಜಂತುಹುಳದ ಔಷಧಿ ಎರಡನ್ನೂ ನೋಡಿಕೊಳ್ಳುತ್ತೇವೆ. ಯಾವ ನಾಯಿಯೇ ಕಚ್ಚಲಿ, ಪರಚಲಿ, ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ತಕ್ಷಣ ವೈದ್ಯರ ಬಳಿ ಹೋಗಬೇಕು.

ಮನೆಯಲ್ಲಿ ಬದಲಾದದ್ದು ಬಹಳವೇನಿಲ್ಲ. ಕೋಣೆಯ ಬಾಗಿಲಿಗೆ ಮೊಣಕಾಲೆತ್ತರದ ಮಕ್ಕಳ ಗೇಟು ಬಂತು. ಅದರಾಚೆ ಕೆಂಚನ ಮೆತ್ತನೆಯ ಹಾಸಿಗೆ, ಅಲ್ಲಿಗೆ ಮಗು ಹೋಗುವ ಹಾಗಿಲ್ಲ. ಅವನು ಉಣ್ಣುವಾಗ, ಮಲಗಿದಾಗ ಯಾರೂ ಮುಟ್ಟುವ ಹಾಗಿಲ್ಲ. ಅಡುಗೆಮನೆಗೆ ಒಂದು ನಿಮಿಷ ಹೋಗುವುದಿದ್ದರೂ ಇಬ್ಬರಲ್ಲಿ ಒಬ್ಬರು ನನ್ನ ಜೊತೆಗೇ ಬರಬೇಕು. ಮಗು ಕೂತು ತಿನ್ನುವಾಗ ಕೆಂಚ ಗೇಟಿನಾಚೆ. ಅವಳ ಕೈಯಿಂದ ಬೀಳುವ ಒಂದು ಒಣದ್ರಾಕ್ಷಿ, ಒಂದು ಚಾಕೊಲೇಟ್ ಚೂರು ಅವನಿಗೆ ವಿಷವಾಗಬಹುದು. ಹೊರಗೆ ತರಗೆಲೆಯ ರಾಶಿಗೆ ಇಬ್ಬರನ್ನೂ ಬಿಡುವ ಮೊದಲು ನಾನು ಕೋಲಿನಿಂದ ಕೆದಕಿ ನೋಡುತ್ತೇನೆ. ಒದ್ದೆ ಎಲೆಯಡಿ ಅಣಬೆ ಎದ್ದಿರುತ್ತದೆ, ರಕ್ತ ಹೀರುವ ಉಣ್ಣೆಹುಳು ಇರುತ್ತದೆ. ಮನೆಗೆ ಬಂದ ಮೇಲೆ ಇಬ್ಬರ ಕಿವಿಯ ಹಿಂದೆಯೂ ಹುಡುಕಬೇಕು. ಮಗಳು ಅದಕ್ಕೂ ‘ಬೇಡ’ ಅನ್ನುತ್ತಾಳೆ.

ಕಷ್ಟವಾದದ್ದು ಅವಳಿಗೆ ಕಲಿಸುವುದು. ಈ ವಯಸ್ಸಿನ ಮಗುವಿಗೆ ಇನ್ನೊಬ್ಬರ ನೋವು ವಿವರಿಸಿ ಹೇಳಿದರೆ ತಿಳಿಯದು. ಹಾಗಾಗಿ ಅವಳ ಕೈಯನ್ನು ನನ್ನ ಕೈಯಲ್ಲಿ ಹಿಡಿದು ಕೆಂಚನ ಎದೆಯ ಪಕ್ಕ ಮೂರು ಸಲ ಸವರಿಸುತ್ತೇನೆ. ಒಂದು, ಎರಡು, ಮೂರು. ಆಮೇಲೆ ಕೈ ಹಿಂದೆ ತೆಗೆದು ಕಾಯುತ್ತೇವೆ. ಅವನು ಹತ್ತಿರ ಬಂದು ಮೂಗಿನಿಂದ ತಳ್ಳಿದರೆ ಇನ್ನೂ ಬೇಕು ಅಂತ. ಮುಖ ತಿರುಗಿಸಿದರೆ, ಎದ್ದು ಹೋದರೆ, ಸಾಕು ಅಂತ. ಮೊದಮೊದಲು ಅವನು ಎದ್ದು ಹೋದಾಗಲೆಲ್ಲ ಅವಳು ನೆಲಕ್ಕೆ ಬಿದ್ದು ಹೊರಳಾಡಿ ಅತ್ತಳು. ವಾರಗಟ್ಟಲೆ ಅತ್ತಳು. ನನಗೂ ಕರುಳು ಚುರುಕ್ ಅನ್ನುತ್ತಿತ್ತು, ಆದರೂ ಅವನನ್ನು ವಾಪಸು ಕರೆಯಲಿಲ್ಲ.

ಮೊನ್ನೆ ಸಂಜೆ ಮರ ಬಹುತೇಕ ಬೋಳಾಗಿತ್ತು. ಕೆಂಚ ಎಲೆಯ ರಾಶಿಯ ಅಂಚಿನಲ್ಲಿ ಬಿಸಿಲಿಗೆ ಮೈಯೊಡ್ಡಿ ಕೂತಿದ್ದ. ಮಗಳು ಒಂದು ಎಲೆ ಹಿಡಿದು ಅವನ ಕಡೆ ಹೊರಟಳು. ನಾನು ಎರಡು ಹೆಜ್ಜೆ ಹಿಂದೆ. ಅವಳು ಕೈ ಚಾಚಿದಾಗ ಅವನು ಮೆಲ್ಲಗೆ ಮುಖ ಆಚೆ ತಿರುಗಿಸಿದ. ಅವಳ ಕೈ ನಿಂತಿತು. ತಿರುಗಿ ನನ್ನನ್ನು ನೋಡಿ, ‘ತೆಂಚ ಬೇಡ’ ಅಂದಳು. ಎಲೆಯನ್ನು ಅವನ ಮುಂಗಾಲಿನಿಂದ ಒಂದು ಗೇಣು ದೂರದಲ್ಲಿ ಇಟ್ಟು, ಅಲ್ಲೇ ಕುಕ್ಕರುಗಾಲಿನಲ್ಲಿ ಕೂತುಕೊಂಡಳು. ಸ್ವಲ್ಪ ಹೊತ್ತಾದ ಮೇಲೆ ಅವನೇ ಕತ್ತು ಚಾಚಿ ಆ ಎಲೆಯನ್ನು ಮೂಸಿದ.

ನಮಸ್ಕಾರ.