ವಾಗ್ಯೂ ಬಿಡಿ, ಗ್ಯೂದೋನ್ ತಿನ್ನಿ

ನಮಸ್ಕಾರ. ಜಪಾನಿಗೆ ಬರುವ ಗೆಳೆಯರಲ್ಲಿ ದನದ ಮಾಂಸ ತಿನ್ನುವವರು ವಿಮಾನ ಹತ್ತುವ ಮೊದಲೇ ಕೇಳುತ್ತಾರೆ: ಒಳ್ಳೆಯ ವಾಗ್ಯೂ, ಅಂದರೆ ಜಪಾನಿ ತಳಿಯ ದನದ ದುಬಾರಿ ಮಾಂಸ, ಎಲ್ಲಿ ಸಿಗುತ್ತದೆ? ಕೋಬೆ, ಮಾತ್ಸುಸಾಕಾ ಎಂದು ಊರುಗಳ ಹೆಸರನ್ನೂ ಬಾಯಿಪಾಠ ಮಾಡಿಕೊಂಡಿರುತ್ತಾರೆ. ಆ ದುಡ್ಡು ಜೇಬಿನಲ್ಲೇ ಇರಲಿ ಎನ್ನುತ್ತೇನೆ ನಾನು. ಟೋಕಿಯೋದ ಯಾನಾಕಾದಂಥ ಹಳೆಯ ಬಡಾವಣೆಯಲ್ಲಿ, ಹತ್ತು ಜನ ಕೂತರೆ ತುಂಬಿಹೋಗುವ ಒಂದು ಕೆಫೆ ಹುಡುಕಿ. ಬಾಗಿಲ ಬಳಿಯ ಹಲಗೆಯ ಮೇಲೆ ಆ ದಿನದ ಊಟ ಗ್ಯೂದೋನ್ ಎಂದು ಬರೆದಿದ್ದರೆ ಹಿಂದುಮುಂದು ನೋಡದೆ ಒಳಗೆ ಹೋಗಿ.

ಗ್ಯೂದೋನ್ ಎಂದರೆ ಬಟ್ಟಲಿನ ತುಂಬ ಬಿಸಿ ಅನ್ನ. ಅದರ ಮೇಲೆ ತೀರ ತೆಳ್ಳಗೆ ಹೆಚ್ಚಿದ ಮಾಂಸ ಮತ್ತು ಈರುಳ್ಳಿ. ಎರಡನ್ನೂ ಸೋಯಾ ಸಾಸ್, ಮಿರಿನ್ ಎಂಬ ಸಿಹಿಯಾದ ಅಕ್ಕಿಮದ್ಯ ಮತ್ತು ದಾಶಿ ಎಂಬ ತಿಳಿಸಾರಿನಲ್ಲಿ ಬೇಯಿಸಿರುತ್ತಾರೆ. ಮಾಂಸ ಸಾಮಾನ್ಯವಾಗಿ ಹೊಟ್ಟೆಯ ಕಡೆಯದು, ಕೊಬ್ಬು ಹೆಚ್ಚಿರುವ ಅಗ್ಗದ ಭಾಗ. ಅಗ್ಗವಾಗಿರುವುದೇ ಸರಿ. ಏಕೆಂದರೆ ಇಲ್ಲಿ ಯಜಮಾನಿಕೆ ಅನ್ನದ್ದು. ಮಾಂಸ ಮತ್ತು ಈರುಳ್ಳಿ ತಮ್ಮ ರಸವನ್ನೆಲ್ಲ ಕೆಳಗೆ ಇಳಿಸುತ್ತವೆ, ತುಸು ಅಂಟಾದ ಜಪಾನಿ ಅಕ್ಕಿ ಅದನ್ನು ಹಿಡಿದಿಟ್ಟುಕೊಳ್ಳುತ್ತದೆ. ಸಾರು ಕಲಸಿದ ಅನ್ನ ಉಂಡು ಬೆಳೆದ ನಮಗೆ ಇದನ್ನು ಯಾರೂ ವಿವರಿಸಬೇಕಾಗಿಲ್ಲ. ಬಟ್ಟಲಿನ ತಳದ ನಾಲ್ಕು ತುತ್ತುಗಳಿಗಾಗಿಯೇ ಮೇಲಿನದನ್ನು ತಿನ್ನುವವನು ನಾನು. ಇಂಥ ಬಟ್ಟಲಿಗೆ ದುಬಾರಿ ವಾಗ್ಯೂ ಹಾಕಿ ಮೂರು ಪಟ್ಟು ಬೆಲೆ ಕೇಳುವವರೂ ಇದ್ದಾರೆ. ತಿಂದಿದ್ದೇನೆ. ಮಾಂಸ ಚೆನ್ನಾಗಿತ್ತು, ಊಟ ಕೆಟ್ಟಿತ್ತು.

ಈ ಮಾಂಸದ ಹೆಸರೆತ್ತಿದರೆ ನಮ್ಮಲ್ಲಿ ಜಾತಿ, ಧರ್ಮ, ಕಾನೂನು ಎಲ್ಲವೂ ಎದ್ದು ನಿಲ್ಲುತ್ತವೆ ಎಂಬುದು ಗೊತ್ತಿದೆ. ತಿನ್ನದವರನ್ನು ತಿನ್ನಿ ಎಂದು ಒತ್ತಾಯಿಸುತ್ತಿಲ್ಲ. ಆದರೆ ಜಪಾನಿನ ಕಥೆಯೂ ಸರಳವಲ್ಲ. 675ರಲ್ಲಿ ತೆನ್ಮು ಚಕ್ರವರ್ತಿ ವರ್ಷದ ಕೆಲವು ತಿಂಗಳು ದನ, ಕುದುರೆ, ನಾಯಿ, ಕೋತಿ, ಕೋಳಿಗಳ ಮಾಂಸವನ್ನು ನಿಷೇಧಿಸಿದ. ಮುಂದೆ ಶತಮಾನಗಳ ಕಾಲ ದನದ ಮಾಂಸ ಬಹುಪಾಲು ಮನೆಗಳ ಊಟದಿಂದ ದೂರವೇ ಉಳಿಯಿತು. 1872ರಲ್ಲಿ ಮೇಜಿ ಚಕ್ರವರ್ತಿ ತಾನೇ ತಿಂದ ಸುದ್ದಿ ಹೊರಬಿತ್ತು. ಆ ಕಾಲದ ಟೋಕಿಯೋದಲ್ಲಿ ಮಾಂಸವನ್ನು ಕುದಿಸಿ ತಿನ್ನುವ ಗ್ಯೂನಾಬೆ ಹೊಸ ಫ್ಯಾಷನ್ ಆಯಿತು, ಅದನ್ನೇ ಅನ್ನಕ್ಕೆ ಸುರಿದದ್ದು ಈ ಬಟ್ಟಲು. 1899ರಲ್ಲಿ ಟೋಕಿಯೋದ ನಿಹೊಂಬಾಶಿಯ ಮೀನು ಮಾರುಕಟ್ಟೆಯಲ್ಲಿ ಯೋಶಿನೋಯಾ ಎಂಬ ಗ್ಯೂದೋನ್ ಅಂಗಡಿ ಶುರುವಾಯಿತು, ಈಗ ಅದು ದೊಡ್ಡ ಸರಣಿ. ನಿಂತು ಉಣ್ಣಲೂ ಪುರುಸೊತ್ತಿಲ್ಲದ ಮಾರುಕಟ್ಟೆಯ ಜನರ ಊಟ ಅದು.

ಅಗ್ಗದ ಆ ಭಾಗಕ್ಕೆ ಎಷ್ಟು ಬೆಲೆಯಿದೆ ಎಂಬುದು ನೂರು ವರ್ಷದ ಮೇಲೆ ತಿಳಿಯಿತು. 2003ರ ಡಿಸೆಂಬರಿನಲ್ಲಿ ಅಮೆರಿಕದಲ್ಲಿ ಹುಚ್ಚು ಹಸುವಿನ ರೋಗ ಪತ್ತೆಯಾಗಿ, ಜಪಾನ್ ಅಲ್ಲಿಂದ ಮಾಂಸ ತರಿಸುವುದನ್ನು ನಿಲ್ಲಿಸಿತು. ಬೇರೆ ದೇಶದ ಮಾಂಸದಲ್ಲಿ ಆ ರುಚಿ ಬರುವುದಿಲ್ಲವೆಂದು ಯೋಶಿನೋಯಾ 2004ರ ಫೆಬ್ರವರಿಯಲ್ಲಿ ಗ್ಯೂದೋನ್ ಮಾರುವುದನ್ನೇ ಬಿಟ್ಟು ಹಂದಿಮಾಂಸದ ಬಟ್ಟಲಿಗೆ ಇಳಿಯಿತು. ಗ್ಯೂದೋನ್ ಮತ್ತೆ ಬಂದದ್ದು 2006ರ ಸೆಪ್ಟೆಂಬರಿನಲ್ಲಿ, ಜನ ಸಾಲುಗಟ್ಟಿ ನಿಂತರು. ಹೆಸರು ಮಾಡಿದ ತಿಂಡಿಯನ್ನೇ ಕೈಬಿಡುವ ಹಟ ನನಗಂತೂ ಇಷ್ಟವಾಗುತ್ತದೆ.

ಹಾಗಿದ್ದರೆ ಯೋಶಿನೋಯಾಕ್ಕೇ ಹೋಗಬಹುದಲ್ಲ, ಕೆಫೆ ಏಕೆ? ಅಲ್ಲಿ ರುಚಿಗೆ ಕೊರತೆಯಿಲ್ಲ, ಕೂರುವುದಕ್ಕೆ ಕೊರತೆ. ಬಟ್ಟಲು ನಿಮಿಷದೊಳಗೆ ಬರುತ್ತದೆ, ಬೆನ್ನ ಹಿಂದೆ ಇನ್ನೊಬ್ಬರು ಕಾಯುತ್ತಿರುತ್ತಾರೆ, ತಳದ ಅನ್ನವನ್ನು ಗಬಗಬನೆ ಮುಗಿಸಬೇಕು. ಕೆಫೆಯಲ್ಲಿ ಮೊದಲು ಒದ್ದೆ ಕೈವಸ್ತ್ರ, ತಣ್ಣನೆಯ ನೀರು. ಮಾಲೀಕರೇ ಸಣ್ಣ ಬಾಣಲೆಯಲ್ಲಿ ಈರುಳ್ಳಿ ಬೇಯಿಸುತ್ತಿರುವ ವಾಸನೆ ಮೇಜಿನವರೆಗೆ ಬರುತ್ತದೆ. ಆಮೇಲೆ ಬಟ್ಟಲು, ಮಿಸೋ ಸೂಪ್, ಕೆಂಪು ಶುಂಠಿಯ ಉಪ್ಪಿನಕಾಯಿ, ಮೇಲೆ ಅರೆಬೆಂದ ಮೊಟ್ಟೆ. ಮೊಟ್ಟೆಯನ್ನು ಕೂಡಲೇ ಒಡೆಯಬೇಡಿ, ಅರ್ಧ ಊಟವಾಗಲಿ. ಖಾರ ಬೇಕೆನಿಸಿದರೆ ಶಿಚಿಮಿ ಪುಡಿ ಉದುರಿಸಿಕೊಳ್ಳಿ. ನಮ್ಮ ನಾಲಿಗೆಗೆ ಅದು ಖಾರವೇ ಅಲ್ಲ, ಆದರೂ ಘಮ ಚೆನ್ನ.

ಹನ್ನೆರಡಕ್ಕೆ ಕಚೇರಿಗಳಿಂದ ಜನ ಹೊರಬೀಳುತ್ತಾರೆ, ಅದಕ್ಕೂ ಮೊದಲೇ ಹೋಗಿ. ಸಣ್ಣ ಕೆಫೆಗಳಲ್ಲಿ ಕಾರ್ಡ್ ನಡೆಯದಿರಬಹುದು, ನಗದು ಇಟ್ಟುಕೊಳ್ಳಿ. ಟಿಪ್ಸ್ ಕೊಡುವ ರೂಢಿ ಇಲ್ಲಿಲ್ಲ. ಊಟಕ್ಕೆ ಕಾಫಿ ಸೇರಿದ್ದರೆ ಜೊತೆಯಲ್ಲಿ ತರಲೋ, ಆಮೇಲೋ ಎಂದು ಕೇಳುತ್ತಾರೆ. ಆಮೇಲೆ ಎನ್ನಿ.